ಬಾಯಿ ತೆರೆಯುವ ಮೊದಲು ಕೇಳಬೇಕಾದ ಪ್ರಶ್ನೆ

ಕೆಮ್ಮುತ್ತಾ ಬಂದವರಿಗೆ ಬೇರೆ ಡಾಕ್ಟರುಗಳು 'ಮಾಸ್ಕ್ ಹಾಕ್ಕೊಳ್ಳಿ' ಎನ್ನಬಹುದು. ಹಲ್ಲಿನ ಡಾಕ್ಟರಿಗೆ ಆ ಸೌಲಭ್ಯ ಇಲ್ಲ. ನಮ್ಮ ಚೇರ್‌ನಲ್ಲಿ ಕೂತವರು ಮಾಸ್ಕ್ ತೆಗೆಯಲೇಬೇಕು, ಬಾಯಿ ಅಗಲವಾಗಿ ತೆರೆಯಲೇಬೇಕು. ಅವರ ಬಾಯಿಗೂ ನಮ್ಮ ಮುಖಕ್ಕೂ ಹೆಚ್ಚೆಂದರೆ ಒಂದೂಕಾಲು ಅಡಿ ಅಂತರ. ಸಾಲದ್ದಕ್ಕೆ ಆ ತೆರೆದ ಬಾಯಿಗೆ ನಾವೇ ಗಾಳಿ ಊದುತ್ತೇವೆ, ನೀರು ಚಿಮ್ಮಿಸುತ್ತೇವೆ. ಐದು ನಿಮಿಷದಲ್ಲಿ ಮುಗಿಯುವ ಕೆಲಸವೂ ಅಲ್ಲ. ರೂಟ್ ಕೆನಾಲ್ ಅಂದರೆ ಮುಕ್ಕಾಲು ಗಂಟೆ, ಒಂದು ಗಂಟೆ ಇಬ್ಬರೂ ಹಾಗೇ ಕೂತಿರಬೇಕು.

ಉಸಿರಿನ ಮೂಲಕ ಹರಡುವ ಕಾಯಿಲೆಗಳಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತೆ ಹೇಳಿ?

ಕೋವಿಡ್ ಬಂದಾಗ ಈ ವಿಷಯ ಎಲ್ಲರ ಕಣ್ಣಿಗೆ ಬಿತ್ತು. 2020ರ ಮಾರ್ಚ್‌ನಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ತುರ್ತಲ್ಲದ ಚಿಕಿತ್ಸೆಗಳನ್ನೆಲ್ಲ ಮುಂದೂಡಿ ಎಂದಿತು. ಎಷ್ಟೋ ದೇಶಗಳಲ್ಲಿ ಹಲ್ಲಿನ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಮತ್ತೆ ತೆರೆಯುವ ಹೊತ್ತಿಗೆ ಮಾರುವವರು ಸಾಲುಗಟ್ಟಿ ನಿಂತಿದ್ದರು. ಹೊಗೆ ಬಿಡುವ ಫಾಗಿಂಗ್ ಮಷೀನು, ನೇರಳೆ ಬಣ್ಣದ ದೀಪ, ಬಾಗಿಲಲ್ಲಿ ಮೈಮೇಲೆ ಔಷಧಿ ಸಿಂಪಡಿಸುವ ಚೌಕಟ್ಟು. ಈಗ ಅವುಗಳಲ್ಲಿ ಬಹುಪಾಲು ಎಲ್ಲೋ ಮೂಲೆ ಸೇರಿವೆ. ಸೇರಬೇಕಾದದ್ದೇ.

ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಹಲ್ಲಿನ ಕ್ಲಿನಿಕ್‌ನಲ್ಲಿ ಸೋಂಕು ತಡೆಯುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವುದು ರೋಗಿ ಚೇರ್‌ನಲ್ಲಿ ಕೂರುವ ಮೊದಲೇ. ಫೋನಿನಲ್ಲಿ, ಇಲ್ಲವೇ ರಿಸೆಪ್ಷನ್‌ನಲ್ಲಿ ಕೇಳುವ ಒಂದು ಪ್ರಶ್ನೆಯಿಂದ. 'ನೆಗಡಿ, ಕೆಮ್ಮು, ಜ್ವರ, ಗಂಟಲು ನೋವು ಏನಾದ್ರೂ ಇದೆಯಾ?' ಇದಕ್ಕೆ ಖರ್ಚಿಲ್ಲ. ಆದರೆ ನಿಜವಾದ ಉತ್ತರ ಸಿಗಬೇಕು ಅಂದರೆ ಸ್ವಲ್ಪ ಜಾಣತನ ಬೇಕು.

ಜನ ಯಾಕೆ ಮುಚ್ಚಿಡುತ್ತಾರೆ ಅಂತ ಯೋಚಿಸಿ ನೋಡಿ. ಆಫೀಸಿಗೆ ರಜೆ ಹಾಕಿ ಬಂದಿರುತ್ತಾರೆ. ಅಪಾಯಿಂಟ್‌ಮೆಂಟ್ ಸಿಕ್ಕಿದ್ದೇ ಹೆಚ್ಚು. ಹಲ್ಲು ನೋಯುತ್ತಿರುತ್ತದೆ. 'ಇದೆ' ಅಂದರೆ ವಾಪಸ್ ಕಳಿಸ್ತಾರೆ ಅಂತ ಗೊತ್ತು. ಹಾಗಾಗಿ 'ಏನಿಲ್ಲ, ಸುಮ್ನೆ ಅಲರ್ಜಿ' ಎನ್ನುವುದು ಸುಲಭ. ಇದನ್ನು ಸುಳ್ಳು ಅಂತ ಬೈಯಲು ನನಗೆ ಮನಸ್ಸಿಲ್ಲ. ಹಲ್ಲುನೋವಲ್ಲಿ ರಾತ್ರಿಯೆಲ್ಲ ಕೂತು ಕಳೆದವರಿಗೆ ಮೂಗು ಸೋರುವುದು ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿಗೆ ಬರುವವರಲ್ಲಿ ಅನೇಕರು ನೋವಿಗೆ ಅಂತ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ನುಂಗಿ ಬಂದಿರುತ್ತಾರೆ. ಎರಡೂ ಜ್ವರ ಇಳಿಸುವ ಮಾತ್ರೆಗಳೇ. ಆಗ ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಜ್ವರ ಇದ್ದವರಿಗೂ ನಾರ್ಮಲ್ ಎಂದೇ ತೋರಿಸಬಹುದು. ಅದಕ್ಕೇ ನಾನು ಜ್ವರ ಇದೆಯಾ ಅಂತ ಕೇಳಿ ಸುಮ್ಮನಾಗುವುದಿಲ್ಲ. 'ಇವತ್ತು ಯಾವ ಮಾತ್ರೆ ತಗೊಂಡ್ರಿ? ಎಷ್ಟು ಹೊತ್ತಿಗೆ?' ಅಂತಲೂ ಕೇಳುತ್ತೇನೆ. ನೋವಿನ ಮಾತ್ರೆ ವಿಷಯ ಯಾರೂ ಮುಚ್ಚಿಡುವುದಿಲ್ಲ. ಅದರ ಬೆನ್ನಿಗೆ ಉಳಿದದ್ದೂ ಹೊರಬರುತ್ತದೆ.

ಗುರುತಿಸುವ ಮಾತಿಗೆ ಬಂದರೆ, ನಮ್ಮ ಕೆಲಸದಲ್ಲಿ ಒಂದು ತಮಾಷೆ ಇದೆ. ಕೆಲವು ಸಲ ಸೋಂಕೇ ಹಲ್ಲುನೋವಿನ ವೇಷ ಹಾಕಿಕೊಂಡು ಬರುತ್ತದೆ. ಮೇಲಿನ ದವಡೆ ಹಲ್ಲುಗಳ ಬೇರಿಗೂ ಕೆನ್ನೆಯೊಳಗಿನ ಸೈನಸ್‌ಗೂ ನಡುವೆ ಇರುವುದು ತೆಳ್ಳನೆಯ ಮೂಳೆ. ನೆಗಡಿ ಬಲಿತು ಸೈನಸ್‌ನಲ್ಲಿ ಕಫ ಕಟ್ಟಿಕೊಂಡರೆ ಆ ಹಲ್ಲುಗಳೆಲ್ಲ ನೋಯಲು ಶುರು. ರೋಗಿ ಬಂದು ಕೆನ್ನೆ ಹಿಡಿದುಕೊಂಡು, 'ಡಾಕ್ಟ್ರೇ, ಈ ಕಡೆ ಮೇಲಿನ ಹಲ್ಲೆಲ್ಲ ನೋವು, ಯಾವುದು ಅಂತ ಗೊತ್ತಾಗ್ತಿಲ್ಲ' ಎನ್ನುತ್ತಾರೆ. ಆ ಮಾತೇ ಸುಳಿವು. ಹುಳುಕಿನ ನೋವು ಸಾಮಾನ್ಯವಾಗಿ ಒಂದು ಹಲ್ಲಿನದು. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟಿದರೆ ಇವರಿಗೆ ಮೂರು ನಾಲ್ಕು ಹಲ್ಲಿನಲ್ಲೂ ಒಂದೇ ಥರ ನೋವು. ತಣ್ಣನೆಯ ಹತ್ತಿ ತಾಗಿಸಿದರೆ ಎಲ್ಲ ಹಲ್ಲೂ ಸರಿಯಾಗೇ ಉತ್ತರ ಕೊಡುತ್ತವೆ. 'ತಲೆ ಮುಂದಕ್ಕೆ ಬಗ್ಗಿಸಿ ನೋಡಿ' ಅಂದರೆ ಮುಖ ಕಿವುಚುತ್ತಾರೆ. 'ಹೋದ ವಾರ ನೆಗಡಿ ಇತ್ತಾ?' ಅಂದರೆ, 'ಹೌದು, ಇನ್ನೂ ಪೂರ್ತಿ ಹೋಗಿಲ್ಲ.' ಅವರಿಗೆ ಡ್ರಿಲ್ ಬೇಡ, ಕಿವಿ ಮೂಗು ಗಂಟಲಿನ ಡಾಕ್ಟರು ಬೇಕು. ಸುಮ್ಮನೆ ಹಲ್ಲು ಕೊರೆದರೆ ಒಳ್ಳೆಯ ಹಲ್ಲು ಹಾಳು, ಜೊತೆಗೆ ಕೋಣೆ ತುಂಬ ನೆಗಡಿ.

ಇದರ ಉಲ್ಟಾ ಕೂಡ ಉಂಟು. ಒಂದೇ ಕಡೆಯ ಮೂಗಿನಿಂದ ಕೆಟ್ಟ ವಾಸನೆಯ ಕೀವು ಬರುತ್ತಿದ್ದರೆ, ಎಷ್ಟು ಮಾತ್ರೆ ನುಂಗಿದರೂ ವಾಸಿಯಾಗದಿದ್ದರೆ, ಆ ಕಡೆಯ ಮೇಲಿನ ಹಲ್ಲಿನ ಬೇರನ್ನು ಎಕ್ಸ್‌ರೇ ತೆಗೆದು ನೋಡಬೇಕು. ಮೂಲ ಅಲ್ಲೇ ಇರಬಹುದು.

ಕೆಮ್ಮಿದವರನ್ನೆಲ್ಲ ವಾಪಸ್ ಕಳಿಸುವುದೂ ತಪ್ಪೇ. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆಗಳಿಂದ ಕೆಲವರಿಗೆ ತಿಂಗಳುಗಟ್ಟಲೆ ಒಣಕೆಮ್ಮು ಇರುತ್ತದೆ. ಮಾತ್ರೆ ಚೀಟಿ ನೋಡಿದರೆ ಗೊತ್ತಾಗುತ್ತದೆ. ಹೊಟ್ಟೆಯ ಆಮ್ಲ ಗಂಟಲಿಗೆ ಏರಿ ಕೆಮ್ಮುವವರಿದ್ದಾರೆ. ಅವರ ಮೇಲಿನ ಮುಂಭಾಗದ ಹಲ್ಲುಗಳ ಒಳಮೈ ಸವೆದು ನುಣ್ಣಗಾಗಿರುತ್ತದೆ. ಎಷ್ಟೋ ಸಲ ಇದನ್ನು ಮೊದಲು ನೋಡುವವರು ನಾವೇ. ಅಲರ್ಜಿಯಾದರೆ ಕಣ್ಣು, ಮೂಗು ತುರಿಸುತ್ತದೆ, ಸೀನು ಸಾಲುಸಾಲಾಗಿ ಬರುತ್ತದೆ, ಆದರೆ ಜ್ವರ, ಮೈಕೈ ನೋವು ಇರುವುದಿಲ್ಲ. ಆಸ್ತಮಾ ಇದ್ದವರು ತಮ್ಮ ಇನ್‌ಹೇಲರ್ ಜೊತೆಗೆ ತಂದರೆ ಸಾಕು. ಇವರ್ಯಾರಿಂದಲೂ ಪಕ್ಕದವರಿಗೆ ಏನೂ ಅಂಟುವುದಿಲ್ಲ.

ಕಾಯಿಸಬಾರದ ಕೆಮ್ಮು ಬೇರೆಯೇ ಇದೆ. ಎರಡು ವಾರ ಮೀರಿದ ಕೆಮ್ಮು, ಸಂಜೆ ಸಂಜೆಗೆ ಏರುವ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ. ಇದು ಕ್ಷಯದ ಚಿತ್ರ. ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದು 1882ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲೂ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಈ ಕಾಯಿಲೆ ಬಂತು, 12.5 ಲಕ್ಷ ಜನ ಸತ್ತರು. ಅಪರೂಪಕ್ಕೆ ಇದು ನಾಲಿಗೆಯ ಮೇಲೆ ಹುಣ್ಣಾಗಿಯೂ ಕಾಣಿಸಿಕೊಳ್ಳುತ್ತದೆ. ವಾರಗಟ್ಟಲೆ ಮಾಯದ ಹುಣ್ಣು ಅಂದರೆ ನಾವು ಮೊದಲು ಕ್ಯಾನ್ಸರ್ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಜೊತೆಗೆ ಕೆಮ್ಮು ಇದೆಯಾ ಅಂತಲೂ ಕೇಳಬೇಕು. ಕ್ಷಯದ ಅನುಮಾನ ಬಂದರೆ ಹಲ್ಲಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಮಾಸ್ಕ್ ಕೊಟ್ಟು, ಬೇರೆ ಕಡೆ ಕೂರಿಸಿ, ಕಫ ಪರೀಕ್ಷೆಗೆ ಕಳಿಸಬೇಕು. ಸಾದಾ ಸರ್ಜಿಕಲ್ ಮಾಸ್ಕ್ ಹಾಕಿಕೊಂಡು 'ಬೇಗ ಮುಗಿಸಿಬಿಡೋಣ' ಅನ್ನುವ ಕೆಲಸ ಅದಲ್ಲ.

ಇನ್ನೊಂದು ದಡಾರ. ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲಿಂದಲೇ ಇದು ಬೇರೆಯವರಿಗೆ ಅಂಟುತ್ತದೆ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಗುಳ್ಳೆ ಬರುವ ಮುಂಚೆ ಮಗುವಿಗೆ ಇರುವುದು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪು ಕಣ್ಣು ಅಷ್ಟೇ. ಆದರೆ ಬಾಯೊಳಗೆ ಸುಳಿವು ಇರುತ್ತದೆ. ಕೆನ್ನೆಯ ಒಳಬದಿಯಲ್ಲಿ, ದವಡೆ ಹಲ್ಲಿನ ಎದುರಿಗೆ, ಕೆಂಪಾದ ಜಾಗದಲ್ಲಿ ಉಪ್ಪಿನ ಹರಳು ಉದುರಿಸಿದಂತೆ ಪುಟ್ಟ ಬಿಳಿ ಚುಕ್ಕೆಗಳು. ಹೆನ್ರಿ ಕೋಪ್ಲಿಕ್ ಎಂಬ ಮಕ್ಕಳ ವೈದ್ಯ 1896ರಲ್ಲಿ ಇವನ್ನು ವಿವರವಾಗಿ ಬರೆದರು, ಹಾಗಾಗಿ ಅವರದೇ ಹೆಸರು. ಒಂದೆರಡು ದಿನ ಇದ್ದು ಮಾಯವಾಗುತ್ತವೆ. ಕೆನ್ನೆಯನ್ನು ಕನ್ನಡಿಯಿಂದ ಸರಿಸಿ, ದೀಪ ಹಾಕಿ ನೋಡುವುದು ನಮಗೆ ದಿನನಿತ್ಯದ ಕೆಲಸ ತಾನೇ? ಬೇರೆ ಯಾವ ಡಾಕ್ಟರಿಗೂ ಅಷ್ಟು ಚೆನ್ನಾಗಿ ಕಾಣದ ಜಾಗ ಅದು.

ದೊಡ್ಡವರ ನಾಯಿಕೆಮ್ಮು ಮೋಸದ್ದು. ಮಕ್ಕಳಂತೆ ಉಸಿರು ಎಳೆದು ಕೂಗುವುದಿಲ್ಲ, ವಾರಗಟ್ಟಲೆ ಕೆಮ್ಮುತ್ತಲೇ ಇರುತ್ತಾರೆ ಅಷ್ಟೇ. ಅವರಿಂದ ಪುಟ್ಟ ಕೂಸಿಗೆ ಬಂದರೆ ಜೀವಕ್ಕೇ ಕುತ್ತು.

ಈಗ ಪ್ರಶ್ನೆಗೆ ಬಂದ ಉತ್ತರ 'ಹೌದು' ಅಂತಿಟ್ಟುಕೊಳ್ಳಿ. ಹಲ್ಲಿನ ಕೆಲಸ ತುರ್ತಲ್ಲದಿದ್ದರೆ ಮುಂದೂಡಬೇಕು. ಸೋಂಕಿನ ಭಯದ ಮಾತು ಆಡಿದರೆ ಜನ ಅವಮಾನ ಅಂದುಕೊಳ್ಳುತ್ತಾರೆ. ಅವರದೇ ಅನುಕೂಲ ಹೇಳಿದರೆ ಒಪ್ಪುತ್ತಾರೆ. ಒಮ್ಮೆ ಒಬ್ಬ ತಾಯಿ ಮಗನನ್ನು ಫಿಲ್ಲಿಂಗ್‌ಗೆ ಕರೆದುಕೊಂಡು ಬಂದರು. ಹುಡುಗನ ಮೂಗು ಪೂರಾ ಕಟ್ಟಿತ್ತು, ಬಾಯಲ್ಲೇ ಉಸಿರಾಡುತ್ತಿದ್ದ.

'ಸುಮ್ನೆ ಸ್ವಲ್ಪ ಶೀತ ಡಾಕ್ಟ್ರೇ, ಜ್ವರ ಏನಿಲ್ಲ. ಇವತ್ತೇ ಮಾಡಿಬಿಡಿ' ಎಂದರು.

'ಅಮ್ಮ, ನೀವೇ ಒಂದು ಸಲ ಮೂಗು ಮುಚ್ಚಿಕೊಂಡು ಬಾಯಿ ತೆರೆದು ಕೂತ್ಕೊಳ್ಳಿ. ಆ ಬಾಯಿಗೆ ನಾನು ನೀರು ಬಿಡ್ತೀನಿ ಅಂತ ನೆನೆಸ್ಕೊಳ್ಳಿ' ಎಂದೆ.

ಅವರು ನಿಜವಾಗಿಯೂ ಮೂಗು ಹಿಡಿದುಕೊಂಡು ನೋಡಿದರು. ನಕ್ಕುಬಿಟ್ಟರು. 'ಪಾಪ, ಉಸಿರು ಕಟ್ಟುತ್ತೆ ಅಲ್ವಾ' ಎಂದು ಮಗನ ಕೈ ಹಿಡಿದು ಎದ್ದರು.

ಇದು ಬರೀ ಜಾಣತನದ ಮಾತಲ್ಲ, ವೈದ್ಯಕೀಯವಾಗಿಯೂ ಸರಿ. ಮೂಗು ಕಟ್ಟಿದವರಿಗೆ, ಹಲ್ಲು ಮಾತ್ರ ಹೊರಗಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ ಹಾಕಿದರೆ ಒದ್ದಾಡುತ್ತಾರೆ. ಭಯ ಕಡಿಮೆ ಮಾಡಲು ಮೂಗಿನ ಮೂಲಕ ಕೊಡುವ ನೈಟ್ರಸ್ ಆಕ್ಸೈಡ್ ಒಳಗೇ ಹೋಗುವುದಿಲ್ಲ. ನೆಗಡಿ ಇರುವ ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟರೆ ಗಂಟಲು ಬಿಗಿದುಕೊಳ್ಳುವ ಅಪಾಯ ಜಾಸ್ತಿ.

ಮುಂದೂಡಲಾಗದ್ದೂ ಇರುತ್ತದೆ. ದವಡೆ ಕೆಳಗೆ ಊತ ಹಬ್ಬುತ್ತಿದೆ, ನುಂಗಲು ಆಗುತ್ತಿಲ್ಲ, ರಕ್ತ ನಿಲ್ಲುತ್ತಿಲ್ಲ, ಬಿದ್ದು ಹಲ್ಲು ಕಿತ್ತು ಬಂದಿದೆ. ಅವರಿಗೆ ಫ್ಲೂ ಇರಲಿ, ಕೋವಿಡ್ ಇರಲಿ, ನೋಡಲೇಬೇಕು. ಕಾಯಬಹುದಾದರೆ ದಿನದ ಕೊನೆಯ ಸಮಯ ಕೊಡುತ್ತೇವೆ. ಬಾಗಿಲು ಮುಚ್ಚಿ, ಎನ್95 ಹಾಕಿ, ನೀರು ಚಿಮ್ಮುವ ಯಂತ್ರ ಬಿಟ್ಟು ಕೈಸಲಕರಣೆಯಲ್ಲೇ ಎಷ್ಟಾಗುತ್ತೋ ಅಷ್ಟು. ನೋವು ಇಳಿಸಿ ಕಳಿಸಿ, ಉಳಿದದ್ದು ಆಮೇಲೆ.

ಪ್ರಶ್ನೆಗೂ ಮಿತಿ ಇದೆ. ಫ್ಲೂ ಲಕ್ಷಣ ಕಾಣುವ ಒಂದು ದಿನ ಮೊದಲೇ ಅಂಟಲು ಶುರುವಾಗುತ್ತದೆ. ಕೋವಿಡ್‌ನಲ್ಲಿ ಲಕ್ಷಣವೇ ಇಲ್ಲದವರಿಂದಲೂ ಹರಡಿತು. ಎಷ್ಟು ಚೆನ್ನಾಗಿ ಕೇಳಿದರೂ ಕೆಲವರು ತಪ್ಪಿಸಿಕೊಂಡು ಚೇರ್ ತಲುಪಿಯೇ ತಲುಪುತ್ತಾರೆ. ಹಾಗಾಗಿ ಚೇರ್ ಪಕ್ಕದ ಕೆಲಸವೂ ಸರಿ ಇರಬೇಕು.

ಅಲ್ಲಿ ಏನಾಗುತ್ತದೆ ನೋಡಿ. ನಾವು ಏರೋಟರ್ ಎನ್ನುವ, ಗಾಳಿಯ ಒತ್ತಡದಿಂದ ತಿರುಗುವ ಡ್ರಿಲ್ 1957ರಲ್ಲಿ ಮಾರುಕಟ್ಟೆಗೆ ಬಂತು. ಈಗಿನವು ನಿಮಿಷಕ್ಕೆ 3 ರಿಂದ 4 ಲಕ್ಷ ಸುತ್ತು ತಿರುಗುತ್ತವೆ. ಹಲ್ಲು ಸುಡಬಾರದು ಅಂತ ಅದರ ತುದಿಗೆ ಸದಾ ನೀರು ಬೀಳುತ್ತಿರಬೇಕು. ಕ್ಲೀನಿಂಗ್ ಮಾಡುವ ಅಲ್ಟ್ರಾಸಾನಿಕ್ ಸ್ಕೇಲರ್ ಸೆಕೆಂಡಿಗೆ 25 ಸಾವಿರಕ್ಕೂ ಜಾಸ್ತಿ ಸಲ ಕಂಪಿಸುತ್ತದೆ. ಅದಕ್ಕೂ ನೀರು ಬೇಕು. ಕೆಲಸ ಮುಗಿದ ಮೇಲೆ ನನ್ನ ಮುಖದ ಶೀಲ್ಡನ್ನು ದೀಪಕ್ಕೆ ಹಿಡಿದರೆ ಹನಿಗಳ ಗುರುತು ಕಾಣುತ್ತದೆ. ಕಾಣುವುದು ದೊಡ್ಡ ಹನಿ ಮಾತ್ರ. 1969ರಲ್ಲೇ ಮೈಸಿಕ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಇದನ್ನು ಅಳೆಯಲು ಹೊರಟು, 50 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ದೊಡ್ಡ ಹನಿಗಳನ್ನು ಒಂದು ಗುಂಪು, ಸಣ್ಣವನ್ನು ಇನ್ನೊಂದು ಗುಂಪು ಮಾಡಿದ್ದರು. ದೊಡ್ಡವು ಹಾರಿ ಬೇಗ ಬೀಳುತ್ತವೆ. ಸಣ್ಣವು ತೇಲುತ್ತವೆ.

ಈ ಮಂಜೆಲ್ಲ ರೋಗಿಯ ಎಂಜಲು ಎಂದು ಬಹುಕಾಲ ಎಲ್ಲರೂ ಅಂದುಕೊಂಡಿದ್ದರು. 2021ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯವರು ಸುತ್ತಮುತ್ತ ಬಿದ್ದ ಹನಿಗಳಲ್ಲಿನ ಸೂಕ್ಷ್ಮಜೀವಿಗಳ ಜೀನ್ ಪರೀಕ್ಷೆ ಮಾಡಿದರು. ಬಹುಪಾಲು ಬಂದದ್ದು ಯಂತ್ರದ ನೀರಿನಿಂದ. ಎಂಜಲಿನ ಪಾಲು ತೀರಾ ಕಡಿಮೆ. ಕೆಲವು ರೋಗಿಗಳ ಎಂಜಲಲ್ಲಿ ಕೊರೊನಾ ವೈರಸ್ ಇತ್ತು, ಆದರೆ ಹೊರಗೆ ಬಿದ್ದ ಹನಿಗಳಲ್ಲಿ ಸಿಗಲಿಲ್ಲ. ನೀರು ಎಂಜಲನ್ನು ತೆಳುಮಾಡುತ್ತದೆ, ಜೊತೆಗೆ ಸಕ್ಷನ್, ಅಂದರೆ ಬಾಯಿಯ ನೀರು ಹೀರುವ ಪೈಪು, ಎಳೆದುಕೊಳ್ಳುತ್ತದೆ. ಹಾಗಂತ ನಿಶ್ಚಿಂತೆ ಏನಲ್ಲ. ರೋಗಿ ಕೆಮ್ಮಿದರೆ, ಮಾತಾಡಿದರೆ, ಬರೀ ಉಸಿರಾಡಿದರೂ ಬರುವ ಕಣಗಳು ಡ್ರಿಲ್ ಇಲ್ಲದೆಯೂ ಬರುತ್ತವೆ.

ಓಹಾಯೋದ ಫಲಿತಾಂಶ ನೋಡಿದಾಗ ನನಗೆ ನೆಮ್ಮದಿಗಿಂತ ಜಾಸ್ತಿ ಬೇರೆ ಯೋಚನೆ ಬಂತು. ಮಂಜಿನಲ್ಲಿ ಬಹುಪಾಲು ಯಂತ್ರದ ನೀರೇ ಆದರೆ, ಆ ನೀರು ಹೇಗಿದೆ?

ಚೇರ್‌ನಿಂದ ಡ್ರಿಲ್‌ಗೆ ಬರುವ ಪ್ಲಾಸ್ಟಿಕ್ ನಳಿಕೆ ತೀರಾ ಸಪೂರ. ಹರಿಯುವ ನೀರು ಸ್ವಲ್ಪ, ನಿಲ್ಲುವುದೇ ಹೆಚ್ಚು. ರಾತ್ರಿಯಿಡೀ ನಿಂತಿರುತ್ತದೆ, ರಜೆ ದಿನ ಪೂರ್ತಿ ನಿಂತಿರುತ್ತದೆ. ಒಳಗೋಡೆಗೆ ಲೋಳೆ ಕಟ್ಟುತ್ತದೆ. ಬ್ಯಾಕ್ಟೀರಿಯಾ ಆ ಲೋಳೆಯಲ್ಲೇ ಬೇರುಬಿಟ್ಟು ಸ್ವಲ್ಪ ಸ್ವಲ್ಪವೇ ನೀರಿಗೆ ಉದುರುತ್ತಿರುತ್ತವೆ. ಕೆಲವು ಹಳೆಯ ಹ್ಯಾಂಡ್‌ಪೀಸ್‌ಗಳು (ಡ್ರಿಲ್‌ನ ಕೈಯಲ್ಲಿ ಹಿಡಿಯುವ ಭಾಗ) ನಿಂತ ಕ್ಷಣದಲ್ಲಿ ರೋಗಿಯ ಎಂಜಲನ್ನೂ ಒಳಗೆ ಎಳೆದುಕೊಳ್ಳುತ್ತವೆ. ಈ ನೀರಿನಲ್ಲಿ ಬೆಳೆಯಬಲ್ಲ ಒಂದು ಜೀವಿ ಲೀಜನೆಲ್ಲ. ಉಗುರುಬೆಚ್ಚಗಿನ, ನಿಂತ ನೀರು ಅಂದರೆ ಅದಕ್ಕೆ ಇಷ್ಟ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ನ್ಯುಮೋನಿಯಾ ತಂದು ಇದು ಹೆಸರುವಾಸಿಯಾಯಿತು. ಒಬ್ಬರಿಂದ ಒಬ್ಬರಿಗೆ ಹರಡುವುದಲ್ಲ, ನೀರಿನ ಮಂಜನ್ನು ಉಸಿರಾಡಿದರೆ ಬರುವುದು.

2011ರಲ್ಲಿ ಇಟಲಿಯಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜನೆಲ್ಲ ನ್ಯುಮೋನಿಯಾದಿಂದ ತೀರಿಕೊಂಡರು. ಕಾಯಿಲೆ ಅಂಟಿರಬಹುದಾದ ದಿನಗಳಲ್ಲಿ ಅವರು ಮನೆಯಿಂದ ಹೊರಗೆ ಹೋದದ್ದು ಎರಡು ಸಲ, ಎರಡೂ ಸಲ ಹಲ್ಲಿನ ಡಾಕ್ಟರ ಬಳಿ. ಮನೆಯ ನೀರಿನಲ್ಲಿ ಏನೂ ಸಿಗಲಿಲ್ಲ. ಕ್ಲಿನಿಕ್‌ನ ಯಂತ್ರದ ನೀರಿನಲ್ಲಿ ಅದೇ ಲೀಜನೆಲ್ಲ ಸಿಕ್ಕಿತು. ಜೀನ್ ಪರೀಕ್ಷೆಯಲ್ಲಿ ಎರಡೂ ಒಂದೇ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಂಥದ್ದು ಬಹಳ ಅಪರೂಪ, ನಿಜ. ಆದರೆ ಇಲ್ಲಿ ರೋಗಿ ಸೋಂಕು ತಂದದ್ದಲ್ಲ, ನಾವು ಕೊಟ್ಟದ್ದು. ಅದಕ್ಕೇ ಈ ಪ್ರಕರಣ ನನ್ನ ತಲೆಯಿಂದ ಹೋಗುವುದಿಲ್ಲ.

ಮಾಡಬೇಕಾದ್ದು ಏನೂ ದೊಡ್ಡದಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರ ಮಾರ್ಗಸೂಚಿಯಲ್ಲೇ ಹೇಳಿದೆ. ಮಿಲಿಲೀಟರ್ ನೀರಿನಲ್ಲಿ ಬ್ಯಾಕ್ಟೀರಿಯಾ ಎಣಿಕೆ 500 ಮೀರಬಾರದು. ಪ್ರತಿ ರೋಗಿಯ ನಂತರ 20 ರಿಂದ 30 ಸೆಕೆಂಡ್ ನೀರು, ಗಾಳಿ ಹೊರಗೆ ಬಿಡಬೇಕು. ಆದರೆ ನೀರು ಬಿಟ್ಟ ಮಾತ್ರಕ್ಕೆ ಲೋಳೆ ಹೋಗುವುದಿಲ್ಲ. ಅದಕ್ಕೆ ತಯಾರಕರು ಹೇಳಿದ ಔಷಧಿ ಹಾಕಿ ನಳಿಕೆ ತೊಳೆಯಬೇಕು, ಆಗಾಗ ನೀರನ್ನು ಪರೀಕ್ಷೆಗೆ ಕಳಿಸಬೇಕು. ಫಾಗಿಂಗ್ ಮಷೀನಿಗೆ ದುಡ್ಡು ಸುರಿದ ಎಷ್ಟೋ ಕ್ಲಿನಿಕ್‌ಗಳಲ್ಲಿ ಈ ನಳಿಕೆಯ ನೀರನ್ನು ಒಮ್ಮೆಯೂ ಪರೀಕ್ಷೆ ಮಾಡಿಸಿರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಇನ್ನು ಸಕ್ಷನ್. ರೋಗಿಯ ತುಟಿಗೆ ಸಿಗಿಸುವ ಸಣ್ಣ ಬಾಗಿದ ಪೈಪು ಬೇರೆ, ಅಸಿಸ್ಟೆಂಟ್ ಕೈಯಲ್ಲಿ ಹಿಡಿಯುವ ದಪ್ಪ ಪೈಪು ಬೇರೆ. ಸಣ್ಣದು ಬಾಯಲ್ಲಿ ನಿಂತ ನೀರು ಎಳೆಯುತ್ತದೆ ಅಷ್ಟೇ. ಮಂಜನ್ನು ಹಿಡಿಯುವುದು ದಪ್ಪದ್ದು. ಅದರ ಬಾಯಿ 8 ಮಿಲಿಮೀಟರ್‌ಗೆ ಕಡಿಮೆ ಇರಬಾರದು, ಎಳೆತವೂ ಬಲವಾಗಿರಬೇಕು. ಅದನ್ನು ಡ್ರಿಲ್ ತುದಿಯ ಪಕ್ಕದಲ್ಲೇ ಹಿಡಿದರೆ ಹೊರಬರುವ ಮಂಜು ಶೇಕಡಾ 90ರಷ್ಟು ಕಡಿಮೆಯಾಗುತ್ತದೆ ಎಂದು ಅಳೆದು ತೋರಿಸಿದ್ದಾರೆ. ಒಂದೆರಡು ಇಂಚು ಆಚೆ ಸರಿದರೆ ಲಾಭ ಕೆಳಗಿಳಿಯುತ್ತದೆ. ನಮ್ಮಲ್ಲಿರುವ ಅಸಿಸ್ಟೆಂಟ್ ನನಗಿಂತ ಅರ್ಧ ಸೆಕೆಂಡ್ ಮುಂಚೆ ಪೈಪನ್ನು ಹಲ್ಲಿನ ಪಕ್ಕ ತಂದು ನಿಲ್ಲಿಸುತ್ತಾರೆ. ನಾಲಿಗೆ, ಕೆನ್ನೆ ಪೈಪಿಗೆ ಅಂಟದಂತೆ ತುದಿಯನ್ನು ಚೂರೇ ಚೂರು ಓರೆ ಮಾಡಿರುತ್ತಾರೆ. ನೋಡಿದರೆ ಏನೂ ಮಾಡುತ್ತಿಲ್ಲ ಅನ್ನಿಸಬೇಕು, ಹಾಗೆ. ಒಬ್ಬರೇ ಕೂತು ಕ್ಲೀನಿಂಗ್ ಮಾಡುವ ಡಾಕ್ಟರಿಗೆ ಈ ಮೂರನೇ ಕೈ ಇರುವುದಿಲ್ಲ. ದುಡ್ಡು ಇದ್ದರೆ ಮೊದಲು ಒಬ್ಬ ಅಸಿಸ್ಟೆಂಟ್‌ನ್ನು ಇಟ್ಟುಕೊಳ್ಳಿ, ಯಂತ್ರ ಆಮೇಲೆ ನೋಡೋಣ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಸಣ್ಣ ಪೈಪಿನ ಬಗ್ಗೆ ರೋಗಿಗಳಿಗೂ ಒಂದು ಮಾತು. ಬಾಯಿ ಮುಚ್ಚಿ, ಸ್ಟ್ರಾ ಚೀಪುವ ಹಾಗೆ ಅದನ್ನು ಚೀಪಬೇಡಿ. ಆಗ ಒತ್ತಡ ತಿರುಗಿ, ಪೈಪಿನಲ್ಲಿರುವುದು ವಾಪಸ್ ನಿಮ್ಮ ಬಾಯಿಗೆ ಬರಬಹುದು.

ಆಗಲೇ ಹೇಳಿದ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, 1864ರಿಂದಲೂ ಇದೆ. ಕೆಲಸ ಮಾಡುವ ಹಲ್ಲು ಮಾತ್ರ ಹೊರಗೆ, ಉಳಿದ ಬಾಯಿ ಹಾಳೆಯ ಕೆಳಗೆ. ಎಂಜಲು ಡ್ರಿಲ್‌ಗೆ ಸಿಗುವುದೇ ಇಲ್ಲ. ಇಷ್ಟು ಹಳೆಯ, ಇಷ್ಟು ಅಗ್ಗದ ಉಪಾಯವನ್ನು ಇನ್ನೂ ಎಷ್ಟೋ ಜನ 'ಟೈಮ್ ಇಲ್ಲ' ಅಂತ ಬಿಡುತ್ತಾರೆ. ಶುರುವಿಗೆ ಔಷಧಿ ನೀರಿನಿಂದ ಬಾಯಿ ಮುಕ್ಕಳಿಸಿದರೆ ಬಾಯಿಯ ಬ್ಯಾಕ್ಟೀರಿಯಾ ಸ್ವಲ್ಪ ಹೊತ್ತು ಕಡಿಮೆಯಾಗುತ್ತವೆ, ಮಾಡಿಸುವುದರಲ್ಲಿ ತಪ್ಪಿಲ್ಲ. ಆದರೆ ಶ್ವಾಸಕೋಶದಿಂದ ಬರುವ ಉಸಿರನ್ನು ಮುಕ್ಕಳಿಸಲು ಆಗುತ್ತದೆಯೇ?

ಮಾಸ್ಕ್ ವಿಷಯ ಎಲ್ಲರಿಗೂ ಬಾಯಿಪಾಠ ಆಗಿದೆ, ಹಾಗಾಗಿ ಚಿಕ್ಕದಾಗಿ. ಸರ್ಜಿಕಲ್ ಮಾಸ್ಕ್ ಹನಿ ತಡೆಯುತ್ತದೆ, ಆದರೆ ಕೆನ್ನೆ ಪಕ್ಕದ ಸಂದಿಯಿಂದ ಗಾಳಿ ನುಸುಳುತ್ತದೆ. ಎನ್95 ಮುಖಕ್ಕೆ ಸರಿಯಾಗಿ ಕೂತರೆ ಮಾತ್ರ ಎನ್95. ಗಡ್ಡದ ಮೇಲೆ ಹಾಕಿದರೆ ದುಬಾರಿ ಬಟ್ಟೆ ಅಷ್ಟೇ. ಶೀಲ್ಡ್ ಮಾಸ್ಕಿನ ಬದಲಿಗಲ್ಲ, ಜೊತೆಗೆ.

ಗಾಳಿಯ ಲೆಕ್ಕ ಮಾತ್ರ ಹೇಳಲೇಬೇಕು. ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಪೂರ್ತಿ ಬದಲಾಗುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಸಿಡಿಸಿ ಕೋಷ್ಟಕದ ಪ್ರಕಾರ, ಗಂಟೆಗೆ 12 ಸಲ ಬದಲಾದರೆ ತೇಲುವ ಕಣಗಳಲ್ಲಿ ಶೇಕಡಾ 99 ಹೋಗಲು 23 ನಿಮಿಷ ಸಾಕು. 6 ಸಲವಾದರೆ 46 ನಿಮಿಷ. 2 ಸಲ ಮಾತ್ರ ಆದರೆ 138 ನಿಮಿಷ. ಗೋಡೆಗೆ ಹಾಕಿದ ಸಾಧಾರಣ ಎಸಿ ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ತಂಪಾಗಿದೆ ಅಂದರೆ ಶುದ್ಧವಾಗಿದೆ ಅಂತ ಜನ ತಿಳಿಯುತ್ತಾರೆ. ಕಿಟಕಿ ತೆರೆದು, ಎದುರು ಬದಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಎಷ್ಟೋ ವಾಸಿ. ಕಿಟಕಿ ಇಲ್ಲದ ಕಡೆ, ಗಾಳಿಯ ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಯಂತ್ರ. ಅದನ್ನು ರೋಗಿಯ ತಲೆಯ ಹತ್ತಿರ ಇಡಬೇಕು. ರೋಗಿಯ ಬಾಯಿಂದ ಯಂತ್ರಕ್ಕೆ ಹೋಗುವ ಗಾಳಿ ದಾರಿಯಲ್ಲಿ ಡಾಕ್ಟರ ಮೂಗಿಗೆ ಸಿಗಬಾರದು.

ಕಾರ್ಬನ್ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್ ಒಂದು ಗೋಡೆಯ ಮೇಲಿದ್ದರೆ ಅನುಕೂಲ. ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ತೋರಿಸುತ್ತದೆ. ಒಳಗೆ 800 ದಾಟಿತು ಅಂದರೆ ನಾವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆಯುತ್ತಿದ್ದೇವೆ ಎಂದು ಅರ್ಥ. ಕುತೂಹಲಕ್ಕೆ ಅದನ್ನು ಒಂದು ದಿನ ವೇಟಿಂಗ್ ರೂಮಿನಲ್ಲಿ ಇಡಿ. ಚಿಕಿತ್ಸೆಯ ಕೋಣೆಗಿಂತ ಅಲ್ಲೇ ಜಾಸ್ತಿ ತೋರಿಸಿದರೆ ಆಶ್ಚರ್ಯ ಬೇಡ. ಒಳಗೆ ಸಕ್ಷನ್ ಇದೆ, ಇರುವುದು ಮೂರೇ ಜನ. ಹೊರಗೆ ಮುಚ್ಚಿದ ಗಾಜಿನ ಬಾಗಿಲ ಹಿಂದೆ ಮಗು, ಬಸುರಿ, ಸಕ್ಕರೆ ಕಾಯಿಲೆಯ ಅಜ್ಜ ಎಲ್ಲ ಒತ್ತಿಕೊಂಡು ಕೂತಿರುತ್ತಾರೆ. ಒಬ್ಬರಿಗೆ ಕೊಟ್ಟ ಸಮಯಕ್ಕೆ ಒಬ್ಬರನ್ನೇ ಕರೆದರೆ ಈ ಗುಂಪೇ ಇರುವುದಿಲ್ಲ. ಇದಕ್ಕೂ ದುಡ್ಡು ಬೇಡ.

ಕೊನೆಗೆ ನಮ್ಮವರ ವಿಷಯ. 1994ರಲ್ಲಿ ಬ್ರಿಟಿಷ್ ಡೆಂಟಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ದಂತವೈದ್ಯರ ರಕ್ತದಲ್ಲಿ ಫ್ಲೂನಂಥ ಉಸಿರಿನ ವೈರಸ್‌ಗಳ ವಿರುದ್ಧದ ಪ್ರತಿಕಾಯಗಳು ಬೇರೆಯವರಿಗಿಂತ ಹೆಚ್ಚು ಜನರಲ್ಲಿ ಕಂಡಿದ್ದವು. ಅಂದರೆ ನಮಗೆ ಅಂಟುತ್ತಲೇ ಇದೆ. ನಮಗೆ ಅಂಟಿದ್ದು ದಿನವಿಡೀ ಬಂದವರಿಗೆಲ್ಲ ಹಂಚಿಹೋಗಬಹುದು. ಆದರೂ ಮೂಗು ಸೋರುತ್ತಿದ್ದರೂ ಮಾಸ್ಕ್ ಏರಿಸಿಕೊಂಡು ಕೆಲಸಕ್ಕೆ ಬರುವುದನ್ನು ನಮ್ಮ ವೃತ್ತಿಯಲ್ಲಿ ಶಿಸ್ತು ಅಂತ ಹೊಗಳುತ್ತಾರೆ. ರಜೆ ಹಾಕಿದರೆ ಸಂಬಳ ಕಡಿತ ಅಂದರೆ ಯಾವ ಅಸಿಸ್ಟೆಂಟ್ ಮನೆಯಲ್ಲಿ ಮಲಗುತ್ತಾರೆ? ಪ್ರತಿ ವರ್ಷ ಫ್ಲೂ ಲಸಿಕೆ, ದಡಾರ ಮತ್ತು ನಾಯಿಕೆಮ್ಮಿನ ಲಸಿಕೆ ಆಗಿದೆಯಾ ಎಂಬ ಲೆಕ್ಕ, ಜ್ವರ ಬಂದರೆ ಸಂಬಳದ ರಜೆ. ಈ ಮೂರನ್ನೂ ಸ್ವಂತ ಕ್ಲಿನಿಕ್ ಇಟ್ಟವರು ಖರ್ಚು ಅಂತ ನೋಡಬಾರದು.

ರೋಗಿಗಳಿಗೂ ಇದೇ ಲೆಕ್ಕ ಹಾಕಬೇಕು. ಅಪಾಯಿಂಟ್‌ಮೆಂಟ್ ತಪ್ಪಿಸಿದರೆ ದಂಡ ಹಾಕುವ ಕ್ಲಿನಿಕ್‌ಗಳಿವೆ. ಕಾರಣ ಏನೇ ಇರಲಿ, ದುಡ್ಡು ಕೊಡಿ ಎನ್ನುತ್ತಾರೆ. ಹಾಗೆ ಮಾಡಿದರೆ ಜ್ವರ ಇದ್ದವರೂ ಮಾತ್ರೆ ನುಂಗಿ ಬಂದೇ ಬರುತ್ತಾರೆ. ನಮ್ಮಲ್ಲಿ ನೆಗಡಿ, ಕೆಮ್ಮು ಅಂತ ಅದೇ ದಿನ ಬೆಳಿಗ್ಗೆ ಫೋನ್ ಮಾಡಿದರೂ ದಂಡ ಇಲ್ಲ. ಇದನ್ನೇ ನೆಪ ಮಾಡಿಕೊಳ್ಳುವವರೂ ಇದ್ದಾರೆ, ಇರಲಿ. ಖಾಲಿ ಬಿದ್ದ ಸಮಯದಲ್ಲಿ ನಳಿಕೆಗೆ ಔಷಧಿ ಬಿಡುವ ಕೆಲಸ ಆಗುತ್ತದೆ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇರಬಾರದು, ಕೆಮ್ಮು ಇಳಿದಿರಬೇಕು, ಆಮೇಲೆ ಬನ್ನಿ ಎನ್ನುತ್ತೇವೆ. ಮತ್ತು ಆ ಫೋನ್ ಇಡುವ ಮೊದಲೇ ಮುಂದಿನ ತಾರೀಕು ಕೊಟ್ಟುಬಿಡಬೇಕು ಎಂದು ರಿಸೆಪ್ಷನ್‌ನಲ್ಲಿ ಹೇಳಿಟ್ಟಿದ್ದೇನೆ. 'ವಾಸಿಯಾದ ಮೇಲೆ ನಾನೇ ಮಾಡ್ತೀನಿ' ಅಂದವರಲ್ಲಿ ಬಹಳ ಜನ ಮಾಡುವುದಿಲ್ಲ. ಅಷ್ಟರಲ್ಲಿ ಹಲ್ಲುನೋವೂ ತಾನಾಗೇ ಇಳಿದಿರುತ್ತದೆ. ಒಳಗಿನ ಹುಳುಕು ಮಾತ್ರ ನಿಂತಿರುವುದಿಲ್ಲ.